ಬಿಸಿ ತಿಳಿಯದ ಕೈ

ಗುರುವಾರ ಮಧ್ಯಾಹ್ನ ಊಟದ ಹೊತ್ತು ಕಳೆದು ಠಾಣೆ ತೂಕಡಿಸುತ್ತಿದ್ದಾಗ, ಊರಿನ ದೊಡ್ಡ ಖಾಸಗಿ ಆಸ್ಪತ್ರೆಯ ನಿರ್ದೇಶಕರು ತಾವೇ ದೂರು ಹಿಡಿದುಕೊಂಡು ಬಂದರು. ಆಪರೇಷನ್ ಥಿಯೇಟರಿನಲ್ಲಿದ್ದ ಲೇಸರ್ ಯಂತ್ರವನ್ನು ಅಪರಿಚಿತರು ಬೇಕೆಂದೇ ಹಾಳುಗೆಡವಿದ್ದಾರೆ, ಪತ್ತೆಮಾಡಿ ಕ್ರಮ ಜರುಗಿಸಬೇಕು ಎಂದು ಅರ್ಜಿಯಲ್ಲಿತ್ತು.

ಇನ್‌ಸ್ಪೆಕ್ಟರ್ ಅದನ್ನು ಓದಿ ಪಕ್ಕಕ್ಕಿಟ್ಟಳು.

"ಬೆಂಕಿ ಬಿದ್ದಿತ್ತಾ?"

"ಇಲ್ಲ. ಒಳಗೊಳಗೇ ಸುಟ್ಟುಹೋಗಿದೆ. ನೀರು ಹೊಯ್ದು ಸ್ವಿಚ್ ಹಾಕಿದ್ದಾರೆ."

"ಯಾರಿಗಾದ್ರೂ ಪೆಟ್ಟಾಗಿದೆಯಾ?"

"ಅದೊಂದು ಪುಣ್ಯ. ಇವತ್ತು ಥಿಯೇಟರ್ ತೊಳೆಯೋ ದಿನ. ಆಪರೇಷನ್ ಇರಲಿಲ್ಲ."

"ಅನುಮಾನ ಯಾರ ಮೇಲೆ?"

"ಹೊಟ್ಟೆಕಿಚ್ಚಿನವರಿಗೆ ಏನು ಕಮ್ಮಿ ಮೇಡಂ? ತುಂಡಾದ ನರವನ್ನ ದಾರ ಇಲ್ಲದೆ, ಬೆಳಕಲ್ಲಿ ಕೂಡಿಸೋ ಆಸ್ಪತ್ರೆ ಈ ಸುತ್ತಿಗೆಲ್ಲ ನಮ್ದೊಂದೇ." ಅವರು ಗೋಡೆಯ ಬದಿಯ ಮೇಜಿನತ್ತ ತಿರುಗಿದರು. "ನಿಮ್ಮವರ ಕೈ ಆಪರೇಷನ್ನೇ ಸೋಮವಾರಕ್ಕೆ ನಿಗದಿಯಾಗಿತ್ತಲ್ಲ."

ಆ ಮೇಜಿನ ಹಿಂದೆ ಕೂತಿದ್ದವನು ದಫೇದಾರ. ಹಿಂದಿನ ವಾರ ಕಳ್ಳನೊಬ್ಬನ ಹಿಂದೆ ಕಿಟಕಿ ಹಾರಲು ಹೋಗಿ ಎಡಗೈ ಮಣಿಕಟ್ಟನ್ನು ಗಾಜಿಗೆ ಸೀಳಿಕೊಂಡಿದ್ದ. ಕಳ್ಳ ಸಿಕ್ಕಿದ, ಕೈ ಹೋಯಿತು. ಮೇಲಿನ ಚರ್ಮಕ್ಕೆ ಹೊಲಿಗೆ ಬಿದ್ದಿತ್ತು. ಒಳಗಿನ ನರ ತುಂಡಾಗಿ, ಕಿರುಬೆರಳು ಮತ್ತು ಉಂಗುರದ ಬೆರಳು ಮರದ ತುಂಡಿನಂತಾಗಿದ್ದವು. ಯಾರಾದರೂ ವಿಚಾರಿಸಿದರೆ, "ಕೈ ಕೊಡೋದು ಅಂತಾರಲ್ಲ, ಅದು ಇದೇ ನೋಡಿ" ಎಂದು ನಗಿಸುತ್ತಿದ್ದ. ಈಗ ಅವನು ನಗಲಿಲ್ಲ.

"ಹಾಗಾದ್ರೆ ಸೋಮವಾರ ಆಗಲ್ವಾ ಸಾರ್?"

"ಹೊಸ ಯಂತ್ರ ಬರೋವರೆಗೂ ಏನು ಮಾಡೋಕಾಗುತ್ತೆ?"

ದಫೇದಾರ ಬಲಗೈಯಿಂದ ಸತ್ತ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಎಫ್‌ಐಆರ್ ದಾಖಲಾಯಿತು. ಜೀಪು ಹೊರಡುವಾಗ ಅವನೂ ಬಂದು ಹತ್ತಿದ. ಬೇಡ ಎನ್ನಲು ಇನ್‌ಸ್ಪೆಕ್ಟರಿಗೆ ಬಾಯಿ ಬರಲಿಲ್ಲ.

ಥಿಯೇಟರು ಎರಡನೇ ಮಹಡಿಯ ಕೊನೆಯಲ್ಲಿತ್ತು. ಉದ್ದನೆಯ ಪಡಸಾಲೆ, ಒಂದು ಬದಿಗೆ ಕೈ ಆಪರೇಷನ್ ಆದ ಹಳೆಯ ರೋಗಿಗಳು ಕಾಯುವ ಬೆಂಚು, ಅದರ ಎದುರಿಗೇ ಥಿಯೇಟರಿನ ಜೋಡಿ ಬಾಗಿಲು. ಬಾಗಿಲ ಮೇಲೆ ಕೆಂಪು ಗಾಜಿನ ದೀಪ. ಒಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಯಂತ್ರ ಗಾಲಿಗಳ ಮೇಲೆ ನಿಂತ ಒಂದು ಸಣ್ಣ ಬೀರುವಿನಂತಿತ್ತು. ನೆತ್ತಿಯ ಗಾಳಿಕಂಡಿಯಿಂದ ಯಾರೋ ಸಲೈನ್ ನೀರನ್ನು ಸುರಿದಿದ್ದರು. ಖಾಲಿ ಬಾಟಲಿಗಳು ಕಸದ ಡಬ್ಬದಲ್ಲಿದ್ದವು. ನೆಲದ ಮೇಲೆ ಬಿಸಾಕಿರಲಿಲ್ಲ.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಬರೆಯುತ್ತ ಹೋದಂತೆ ಇನ್‌ಸ್ಪೆಕ್ಟರಿಗೆ ಏನೋ ಕಸಿವಿಸಿಯಾಗತೊಡಗಿತು. ಯಂತ್ರದ ಸುತ್ತ ಒದ್ದೆ ಟವೆಲುಗಳನ್ನು ಒತ್ತೊತ್ತಾಗಿ ಹಾಸಲಾಗಿತ್ತು. ಗೋಡೆಯ ಆಕ್ಸಿಜನ್ ಕೊಳವೆಯ ತಿರುಪು ಬಿಗಿಯಾಗಿ ಮುಚ್ಚಿತ್ತು. ಸ್ಪಿರಿಟ್ಟಿನ ಶೀಶೆಗಳೆಲ್ಲ ಕೋಣೆಯ ಆಚೆ ತುದಿಗೆ ಹೋಗಿದ್ದವು. ಬಾಗಿಲಿನ ಇಣುಕುಗಾಜಿನ ಮೇಲೆ ಕಪ್ಪು ಪರದೆ ಎಳೆದಿತ್ತು.

"ಟವೆಲ್ ನೀವು ಹಾಸಿದ್ದಾ ಸಿಸ್ಟರ್?"

ಥಿಯೇಟರಿನ ಉಸ್ತುವಾರಿ ಸಿಸ್ಟರ್ ನಡುವಯಸ್ಸಿನ ಹೆಂಗಸು. ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ.

"ಇಲ್ಲ ಮೇಡಂ. ನಾವು ನೋಡಿದಾಗಲೇ ಹಾಗಿತ್ತು."

"ತೊಳೆಯೋ ದಿನ ಅಂದ್ರೆ ಜನ ಓಡಾಡ್ತಿರ್ತಾರೆ. ಯಾರ ಕಣ್ಣಿಗೂ ಬೀಳಲಿಲ್ವಾ?"

"ಮೇಲೆ ಕೆಂಪು ದೀಪ ಉರೀತಿತ್ತು. ಅದು ಉರೀತಿದ್ರೆ ಒಳಗೆ ಲೇಸರ್ ಹಾಕಿದ್ದಾರೆ ಅಂತ ಅರ್ಥ. ಆ ಬೆಳಕು ಎಲ್ಲಿಗೋ ತಾಗಿ ತಿರುಗಿ ಬಂದ್ರೂ ಸಾಕು, ಕಣ್ಣು ಹೋಗುತ್ತೆ. ಕನ್ನಡಕ ಇಲ್ಲದೆ ಯಾರೂ ಒಳಗೆ ಹೋಗಬಾರದು ಅಂತ ನಿಯಮ. ಚಿಕ್ಕ ಡಾಕ್ಟ್ರು ಅಭ್ಯಾಸ ಮಾಡ್ತಿರಬಹುದು ಅಂದ್ಕೊಂಡ್ವಿ. ಊಟ ಮಾಡ್ಕೊಂಡು ಬಂದ್ರೂ ದೀಪ ಆರಿರಲಿಲ್ಲ. ತಟ್ಟಿದ್ವಿ. ಒಳಗೆ ಯಾರೂ ಇರಲಿಲ್ಲ."

"ದೀಪ ತಾನಾಗೇ ಹತ್ತಿಕೊಳ್ಳುತ್ತಾ?"

"ಇಲ್ಲ. ಅದರ ಸ್ವಿಚ್ಚೇ ಬೇರೆ. ನಾವೇ ಹಾಕಬೇಕು."

ಸೇಡಿಗೆಂದು ಬಂದವನು ಕಬ್ಬಿಣದ ಸಲಾಕೆ ತರುತ್ತಾನೆ. ಕೈಗೆ ಸಿಕ್ಕಿದ್ದನ್ನು ಒಡೆಯುತ್ತಾನೆ, ಓಡುತ್ತಾನೆ. ಇವನು ಮೊದಲು ದೀಪ ಹಾಕಿದ್ದ, ಪರದೆ ಎಳೆದಿದ್ದ, ಆಕ್ಸಿಜನ್ ಮುಚ್ಚಿದ್ದ. ಎಲ್ಲರ ಕಣ್ಣು, ಮೈಚರ್ಮ, ಉಸಿರನ್ನು ಕಾಪಾಡಿ ಆಮೇಲೆ ಯಂತ್ರವನ್ನು ಕೊಂದಿದ್ದ.

ಹೊರಗೆ ಪಡಸಾಲೆಯಲ್ಲಿ ಬಿಳಿಕೋಟಿನ ಎತ್ತರದ ಮನುಷ್ಯರೊಬ್ಬರು ಗೋಡೆಗೊರಗಿ ನಿಂತಿದ್ದರು. ಕೈಗಳೆರಡೂ ಜೇಬಿನಲ್ಲಿದ್ದವು. "ಈ ವಿದ್ಯೆನ ಇಲ್ಲಿಗೆ ತಂದವರೇ ಇವರು, ನಮ್ಮ ದೊಡ್ಡ ಡಾಕ್ಟ್ರು" ಎಂದು ನಿರ್ದೇಶಕರು ಪರಿಚಯಿಸಿದರು. ದೊಡ್ಡ ಡಾಕ್ಟರು ಕೇಳಿದ್ದು ಒಂದೇ ಮಾತು.

"ಯಾರಿಗೂ ಏನೂ ಆಗಿಲ್ಲ ತಾನೇ?"

ಶುಕ್ರವಾರ ಬೆಳಗ್ಗೆ ಚಿಕ್ಕ ಡಾಕ್ಟರನ್ನು ಠಾಣೆಗೆ ಕರೆಸಲಾಯಿತು. ಮೂವತ್ತು ದಾಟಿರದ ಚುರುಕಿನ ಮನುಷ್ಯ. ಗುರುವಾರ ಇಡೀ ದಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದುದಕ್ಕೆ ತರಗತಿ ತುಂಬ ಸಾಕ್ಷಿಗಳಿದ್ದರು.

"ಯಂತ್ರದ ಕೀಲಿ ಎಲ್ಲಿರುತ್ತೆ?"

"ದೊಡ್ಡ ಡಾಕ್ಟ್ರ ಕೋಣೇಲಿ, ಗೋಡೆ ಪೆಟ್ಟಿಗೇಲಿ. ಪೆಟ್ಟಿಗೆಗೆ ಬೀಗ ಹಾಕಿದ್ದನ್ನ ನಾನು ನೋಡಿಲ್ಲ."

"ಯಂತ್ರ ಮಾಡೋ ಕೆಲಸ ಏನು? ನನಗೆ ಅರ್ಥ ಆಗೋ ಹಾಗೆ ಹೇಳಿ."

ಅವನ ಮುಖ ಅರಳಿತು. "ತುಂಡಾದ ನರದ ಎರಡು ತುದೀನ ಮೊದಲೆಲ್ಲ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲೀತಿದ್ರು. ಈಗಲೂ ಎಲ್ಲ ಕಡೆ ಹಾಗೇ. ಅದಕ್ಕೆ ಹೊತ್ತು ಬೇಕು, ದಾರದ ಗಂಟು ಒಳಗೇ ಉಳಿಯುತ್ತೆ. ನಾವು ತುದಿಗಳನ್ನ ಹತ್ರ ತಂದು ಸುತ್ತ ಒಂದು ಅಂಟು ಸವರ್ತೀವಿ. ಲೇಸರ್ ಬೆಳಕು ಬಿದ್ರೆ ಅಂಟು ಬಿಸಿಯಾಗಿ ಕಚ್ಚಿಕೊಳ್ಳುತ್ತೆ. ಮೊಟ್ಟೆ ಬೇಯಿಸಿದಾಗ ಬಿಳಿ ಗಟ್ಟಿಯಾಗಲ್ವಾ, ಹಾಗೆ."

"ಮೊಟ್ಟೆ ಬೇಯುವಾಗ ನರ ಬೇಯಲ್ವಾ?" ಎಂದ ಮೂಲೆಯಿಂದ ದಫೇದಾರ. ತಮಾಷೆಗೆಂದು ಶುರುವಾದ ಮಾತು ಅವನ ಬಾಯಲ್ಲೇ ತಣ್ಣಗಾಯಿತು.

"ಅದಕ್ಕೇ ಬಿಸಿ ಲೆಕ್ಕ ಹಾಕಿ ಇಟ್ಟಿರೋದು. ಮೊದಮೊದಲು ಕಮ್ಮಿ ಇತ್ತಂತೆ, ಒಂದೆರಡು ಕಡೆ ಕೂಡಿಸಿದ್ದು ಬಿಟ್ಟುಕೊಂಡಿತು. ದೊಡ್ಡ ಡಾಕ್ಟ್ರು ಸ್ವಲ್ಪ ಏರಿಸಿದರು. ಆಮೇಲೆ ಒಂದೂ ಬಿಟ್ಟಿಲ್ಲ. ಸುರಕ್ಷಿತ ಅಂತ ಅವರೇ ಪತ್ರಿಕೇಲಿ ಬರೆದಿದ್ದಾರೆ. ಬೇರೆ ಊರಿನವರೂ ಕಲಿಯೋಕೆ ಬರ್ತಿದ್ದಾರೆ." ಅವನು ದಫೇದಾರನ ಕಡೆ ತಿರುಗಿದ. "ನಿಮ್ಮದು ನಾನು ಒಬ್ಬನೇ ಮಾಡಬೇಕಿದ್ದ ಮೊದಲ ಕೇಸು."

"ದೊಡ್ಡ ಡಾಕ್ಟ್ರು ಯಾಕೆ ಮಾಡಲ್ಲ?"

"ಈ ನಡುವೆ ಅವರು ಲೇಸರ್ ಮುಟ್ಟೋದು ಬಿಟ್ಟಿದ್ದಾರೆ. ಕೇಳಿದ್ರೆ ಮೈ ಸರಿ ಇಲ್ಲ ಅಂತಾರೆ."

ಹೊರಡುವ ಮುಂಚೆ ಅವನು ಒಂದು ಸುಳಿವು ಕೊಟ್ಟ. ಪ್ರತಿ ಗುರುವಾರ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಬೆಂಚಿನ ಮೇಲೆ ಬಂದು ಕೂರುತ್ತಾಳೆ. ಲೇಸರಿನಲ್ಲಿ ಕೈಯ ನರ ಕೂಡಿಸಿಕೊಂಡವಳು. ನಿನ್ನೆಯೂ ಬಂದಿದ್ದಳಂತೆ. ಬೆಂಚಿನಿಂದ ಥಿಯೇಟರ್ ಬಾಗಿಲು ಕೈಯಳತೆಯ ದೂರ.

ಇಸ್ತ್ರಿ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದ ಜಾಗ. ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಗೂಡುಗಳಲ್ಲಿ ಬೆಚ್ಚಗೆ ಮಡಿಸಿಟ್ಟ ಬಟ್ಟೆ. ನಲವತ್ತೈದರ ಆಸುಪಾಸಿನ ಹೆಂಗಸು ಅಂಗಿಯೊಂದರ ತೋಳು ತೀಡುತ್ತಿದ್ದಳು. ಪೊಲೀಸರನ್ನು ಕಂಡು ಬೆದರಲಿಲ್ಲ. ಮಗಳಿಗೆ ಸ್ಟೂಲು ತರಲು ಹೇಳಿ, ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಸ್ಟೀಲು ಲೋಟಗಳಿಗೆ ಬಗ್ಗಿಸಿದಳು.

"ನಿನ್ನೆ ಆಸ್ಪತ್ರೆಗೆ ಹೋಗಿದ್ರಾ ಅಕ್ಕ?"

"ಹೌದಮ್ಮ, ಪ್ರತಿ ವಾರ ಹೋಗ್ತೀನಿ. ಡಾಕ್ಟ್ರು ಕೈ ನೋಡ್ತಾರೆ."

"ಥಿಯೇಟರ್ ಒಳಗೆ ಯಾರು ಹೋದ್ರು?"

"ನಾನು ನೋಡಲಿಲ್ಲ."

"ಎದುರಿಗೇ ಕೂತಿದ್ರಲ್ಲ."

"ತೂಕಡಿಸ್ತಿದ್ದೆ ಅನ್ಸುತ್ತೆ."

ಹಾಗೆನ್ನುತ್ತ ಅವಳು ತನ್ನ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡಳು. ಇನ್‌ಸ್ಪೆಕ್ಟರ್ ತನ್ನ ಲೋಟವನ್ನು ಮುಟ್ಟಿ ಕೂಡಲೇ ಕೆಳಗಿಟ್ಟಿದ್ದಳು. ಸೆರಗಿಲ್ಲದೆ ಹಿಡಿಯುವಂತಿರಲಿಲ್ಲ. ಆ ಹೆಂಗಸು ಮಾತ್ರ ಲೋಟದ ನಡುವಿಗೇ ಬೆರಳು ಸುತ್ತಿ ಹಿಡಿದು, ಮಳಿಗೆಯ ಮಾಲೀಕನ ವಿಷಯ, ಮಗಳ ಓದಿನ ವಿಷಯ ಹೇಳುತ್ತ ಹೋದಳು. ಹೆಬ್ಬೆರಳಿನ ತುದಿ ಕೆಂಪಾಯಿತು. ಆಮೇಲೆ ತೋರುಬೆರಳು. ಮಾತು ನಿಲ್ಲಲಿಲ್ಲ.

"ಅಮ್ಮ, ಲೋಟ" ಎಂದಳು ಮಗಳು, ದಿನಕ್ಕೆ ಹತ್ತು ಸಲ ಹೇಳಿ ಸಾಕಾದ ದನಿಯಲ್ಲಿ.

ಹೆಂಗಸು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿ ಲೋಟ ಇಳಿಸಿದಳು. ಆಗ ಅಂಗೈ ಕಂಡಿತು. ನಡುಬೆರಳಿನ ಬುಡದಿಂದ ಹೆಬ್ಬೆರಳಿನವರೆಗೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಚರ್ಮ ನುಣ್ಣಗೆ, ಹೊಳಪಾಗಿ ಸುಟ್ಟು ಮಾಗಿತ್ತು.

"ಇದು ಯಾವಾಗ?"

ಅಮ್ಮನ ಬದಲು ಮಗಳು ಹೇಳಿದಳು. "ಆಪರೇಷನ್ ಆದ ಮೇಲೆ. ಪೆಟ್ಟಿಗೆ ನಿಲ್ಲಿಸಿಟ್ಟು ಬಟ್ಟೆ ಸವರ್ತಾ ಇದ್ಳು, ಅಂಗೈ ಪೆಟ್ಟಿಗೆ ಮೂತಿಗೇ ಒತ್ತಿಕೊಂಡಿತ್ತು. ಗೊತ್ತೇ ಆಗಲಿಲ್ಲ. ವಾಸನೆ ಬಂತು. ಯಾರದೋ ರೇಷ್ಮೆ ಸುಟ್ಟುಬಿಟ್ಟೆ ಅಂತ ಬಟ್ಟೆ ಎತ್ತಿ ಎತ್ತಿ ನೋಡಿದ್ಳು."

ದಫೇದಾರ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತ.

"ಇದನ್ನ ಡಾಕ್ಟ್ರಿಗೆ ತೋರಿಸಿದ್ರಾ?"

"ಬಹಳ ದಿನ ಮುಚ್ಚಿಟ್ಟಿದ್ದೆ. ಪಟ್ಟಿ ಕಟ್ಕೊಂಡು, ತರಕಾರಿ ಹೆಚ್ಚುವಾಗ ಕುಯ್ದುಕೊಂಡೆ ಅಂದೆ. ಹೋದ ತಿಂಗಳು ಅವರೇ ಬಿಚ್ಚಿ ನೋಡಿದರು."

"ಯಾಕೆ ಮುಚ್ಚಿಟ್ರಿ? ಬೈತಾರೆ ಅಂತಲಾ?"

"ಅವರಾ? ದೇವರಂಥ ಮನುಷ್ಯ. ಕಣ್ಣು ಮುಚ್ಕೋ ಅಂತಾರೆ, ಬೆರಳಿಗೆ ತಂತಿಯ ಒಂದು ತುದಿನೋ ಎರಡೂ ತುದಿನೋ ಮುಟ್ಟಿಸಿ, ಗೊತ್ತಾಯ್ತಾ, ಒಂದಾ ಎರಡಾ ಅಂತ ಕೇಳ್ತಾರೆ. ಮೊದಲ ಸಲ ಇಲ್ಲ ಅಂದೆ. ಅವರ ಮುಖ ನೋಡಬೇಕಿತ್ತಮ್ಮ, ಮನೇಲಿ ಸಾವಾದ ಹಾಗೆ. ಮುಂದಿನ ಸಲದಿಂದ, ಹ್ಞೂಂ, ಸ್ವಲ್ಪ ಗೊತ್ತಾಗ್ತಿದೆ ಅಂದೆ. ಅವರು ಉಸಿರು ಬಿಡೋ ಸದ್ದು ಕೇಳಿಸ್ತಿತ್ತಲ್ಲ, ಅದೇ ಲೆಕ್ಕದಲ್ಲಿ ಒಂದೋ ಎರಡೋ ಹೇಳ್ತಿದ್ದೆ. ಎಷ್ಟೋ ಸಲ ಸರಿ ಹೋಗ್ತಿತ್ತು." ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. "ಪಾಪ, ಅಷ್ಟು ಕಷ್ಟಪಟ್ಟಿದ್ದಾರೆ."

ಇನ್‌ಸ್ಪೆಕ್ಟರ್ ಏಳುತ್ತ ಕೇಳಿದಳು. "ಅಕ್ಕ, ನಿನ್ನೆ ಒಳಗೆ ಹೋದವರೂ ಹೀಗೇ ಪಾಪದವರಾ?"

ಹೆಂಗಸು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. "ನಾನು ನೋಡಲಿಲ್ಲ ಅಂದೆನಲ್ಲಮ್ಮ."

ಆ ಸಂಜೆ ಮನೆಯಲ್ಲಿ ಇನ್‌ಸ್ಪೆಕ್ಟರ್ ಮಡಿಸಿದ ಬಟ್ಟೆ ಎತ್ತಿಡುತ್ತ ಕಣ್ಣು ಮುಚ್ಚಿ ಒಂದೊಂದನ್ನೇ ಮುಟ್ಟಿ ನೋಡಿದಳು. ಹತ್ತಿ, ಉಣ್ಣೆ, ಗುಂಡಿಯ ತಣ್ಣನೆ ಅಂಚು. ಬೆರಳು ಎಲ್ಲವನ್ನೂ ಹೇಳಿತು. ಆದರೂ ನಂಬಿಕೆ ಬರಲಿಲ್ಲ. ಒಲೆಯ ಬಳಿ ನಿಂತು ಬಾಣಲೆಯ ಹಿಡಿಗೆ ಬೆರಳು ತಾಗಿಸಿ, ಚುರುಕ್ಕೆಂದ ಮೇಲೆ ಸಮಾಧಾನವಾಯಿತು.

"ಏನೇ ಅದು, ಬೇಕೂಂತ್ಲೇ ಸುಟ್ಕೋತೀಯಾ?" ಎಂದು ಅಮ್ಮ ಗದರಿದಳು.

"ಇದೆಯಾ ಅಂತ ನೋಡಿದೆ."

"ಏನು?"

ಅವಳು ಒಲೆ ಆರಿಸಿದಳು. ಊಟಕ್ಕೆ ಕೂತಾಗಲೂ ಮೂಗಿನಲ್ಲಿ ಸುಟ್ಟ ರೇಷ್ಮೆಯ ವಾಸನೆ ಇತ್ತು.

ಶನಿವಾರ ಬೆಳಗ್ಗೆ ಥಿಯೇಟರಿನ ಸಿಸ್ಟರ್ ತಾನೇ ಠಾಣೆಗೆ ಬಂದಳು. ಹೇಳಿಕೆ ಕೊಡಬೇಕು, ಆದರೆ ಜನ ಹುಚ್ಚಿ ಅಂದಾರು ಎಂದಳು.

"ಆ ಪಡಸಾಲೇಲಿ ಮಧ್ಯಾಹ್ನ ಒಬ್ಬಳೇ ಓಡಾಡೋಕೆ ನನಗೆ ಭಯ. ರೋಗಿಗಳೆಲ್ಲ ಹೋದ ಮೇಲೆ ದೊಡ್ಡ ಡಾಕ್ಟ್ರ ಕೋಣೆಯಿಂದ ಮಾತು ಕೇಳುತ್ತೆ. ಈಗ ಗೊತ್ತಾಯ್ತಾ, ಈಗ, ಇಲ್ಲಿ, ಅಂತ. ರೋಗಿ ಇರಬಹುದು ಅಂತ ಮೊದಲು ಸುಮ್ಮನಿದ್ದೆ. ಒಂದಿನ ಫೈಲು ಕೊಡೋಕೆ ಬಾಗಿಲು ತೆಗೆದೆ. ಅವರು ಒಬ್ಬರೇ ಕೂತಿದ್ದರು. ಕಣ್ಣು ಮುಚ್ಚಿತ್ತು. ಕಾಗದದ ಕ್ಲಿಪ್ಪನ್ನ ಬಿಡಿಸಿ ಅದರ ತುದೀನ ತಮ್ಮ ಬೆರಳಿಗೇ ಚುಚ್ಚಿಕೊಳ್ತಿದ್ದರು. ಎದುರಿನ ಖಾಲಿ ಕುರ್ಚೀನ ಕೇಳ್ತಿದ್ದರು. ಗೊತ್ತಾಯ್ತಾ ಅಂತ."

"ಕುರ್ಚೀಲಿ ಯಾರೂ ಇರಲಿಲ್ವಾ?"

"ಇರಲಿಲ್ಲ. ಆದ್ರೆ ಅವರು ಉತ್ತರಕ್ಕೆ ಕಾಯ್ತಿದ್ದರು ಮೇಡಂ. ನನಗೆ ಹೆದರಿಕೆ ಆಗಿದ್ದು ಅದಕ್ಕೇ."

"ಇದು ಯಾವಾಗಿಂದ?"

"ಬಡಗಿ ಒಬ್ಬರ ಕೈ ಎರಡನೇ ಸಲ ತೆರೆದರಲ್ಲ, ಆವತ್ತಿಂದ."

ಇನ್‌ಸ್ಪೆಕ್ಟರ್ ಇಷ್ಟು ಹೊತ್ತೂ ಬೇರೆ ಬೇರೆಯಾಗಿ ಹಿಡಿದಿದ್ದ ಎಳೆಗಳನ್ನು ಒಟ್ಟಿಗೆ ಎಳೆದಳು. ದೀಪ ಹಾಕದೆ ಆ ಯಂತ್ರ ಮುಟ್ಟಲು ಕೈ ಬಾರದಷ್ಟು ನಿಯಮ ಮೈಗೆ ಹತ್ತಿದವರು ಆ ಆಸ್ಪತ್ರೆಯಲ್ಲಿ ಇಬ್ಬರೇ. ಒಬ್ಬ ಪಾಠ ಮಾಡುತ್ತಿದ್ದ. ಬೆಂಚಿನ ಮೇಲಿದ್ದವಳು ಸುಳ್ಳು ಹೇಳುವುದು ಒಬ್ಬರಿಗಾಗಿ ಮಾತ್ರ.

"ದಫೇದಾರ್ರೇ, ಪೆನ್ನು ಕಾಗದ ತಗೊಳ್ಳಿ. ಹೋಗೋಣ."

ದೊಡ್ಡ ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ನರಗಳ ಚಿತ್ರ. ಚಿತ್ರದ ಕೈಯಲ್ಲಿ ಹಳದಿ ಎಳೆಗಳು ಮರದ ಬೇರಿನಂತೆ ಬೆರಳ ತುದಿಯವರೆಗೆ ಹರಡಿದ್ದವು. ಅವರು ಎದ್ದು ನಿಂತು ಬರಮಾಡಿಕೊಂಡರು. ಈ ಸಲ ಕೈಗಳು ಜೇಬಿನಲ್ಲಿರಲಿಲ್ಲ. ಬೆರಳ ತುದಿಗಳ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ.

"ಗುರುವಾರ ಮಧ್ಯಾಹ್ನ ಎಲ್ಲಿದ್ರಿ ಡಾಕ್ಟ್ರೇ?"

"ಥಿಯೇಟರಿನಲ್ಲಿ."

"ಏನು ಮಾಡ್ತಿದ್ರಿ?"

"ನಿಮಗೆ ಗೊತ್ತಾಗಿದೆ ಅಲ್ವಾ?"

"ನಿಮ್ಮ ಬಾಯಿಂದ ಬೇಕು."

"ಯಂತ್ರಕ್ಕೆ ನೀರು ಹೊಯ್ದೆ. ಚಾಲೂ ಮಾಡಿದೆ." ಅವರ ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಹೇಗೆ ಹಿಡಿದ್ರಿ?"

"ಕೆಂಪು ದೀಪ ನೋಡಿ."

ಡಾಕ್ಟರು ನಿಧಾನವಾಗಿ ಕೂತರು. "ಹೌದು. ಅದು ಹಾಕದೆ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಈ ಯಂತ್ರದ ವಿಷಯದಲ್ಲಿ ನಾವು ಎಷ್ಟು ಜೋಪಾನ ಮಾಡಿದ್ವಿ ನೋಡಿ. ಸಿಸ್ಟರ ಕಣ್ಣಿಗೆ ಕನ್ನಡಕ, ರೋಗಿಯ ಕಣ್ಣಿಗೆ ಮುಚ್ಚಳ, ಸುತ್ತ ಒದ್ದೆ ಬಟ್ಟೆ, ಬೆಂಕಿ ಬೀಳದ ಹಾಗೆ ಎಲ್ಲ. ತಪಾಸಣೆಗೆ ಬಂದವರೆಲ್ಲ ಮೆಚ್ಚಿಕೊಂಡು ಹೋದರು. ಒಳಗೆ ನರಕ್ಕೆ ಎಷ್ಟು ಬಿಸಿ ತಟ್ತಿದೆ ಅಂತ ಕಣ್ಣಲ್ಲಿ ನೋಡಿದವರು ಯಾರೂ ಇರಲಿಲ್ಲ. ನಾನೂ ನೋಡಲಿಲ್ಲ."

"ಬಡಗಿ ಕೈಯಲ್ಲಿ ಏನು ಕಂಡಿತು?"

"ಅವರಿಗೆ ಸ್ನಾಯು ಅಂಟಿಕೊಂಡಿತ್ತು. ಬಿಡಿಸೋಕೆ ಅಂತ ತೆರೆದೆ. ಹೇಗೂ ತೆರೆದಿದ್ದೀನಲ್ಲ, ನಾನು ಕೂಡಿಸಿದ ಜಾಗ ನೋಡೋಣ ಅಂತ ಆಸೆ." ಅವರು ನಿಲ್ಲಿಸಿ, ಮತ್ತೆ ಶುರುಮಾಡಿದರು. "ಕೂಡಿತ್ತು. ಎಳೆದ್ರೂ ಬಿಡದಷ್ಟು ಗಟ್ಟಿಯಾಗಿ ಕೂಡಿತ್ತು. ಬೆಳ್ಳಗೆ, ಹಳೇ ಹಗ್ಗದ ಗಂಟಿನ ಹಾಗೆ. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆಚೆಯಿಂದ ಈಚೆಗೆ ಒಂದು ಎಳೆಯೂ ದಾಟಿರಲಿಲ್ಲ. ಬೆಂದುಹೋಗಿತ್ತು. ಕಮ್ಮಿ ಬಿಸಿಗೆ ಬಿಟ್ಟುಕೊಳ್ಳುತ್ತೆ ಅಂತ ಏರಿಸಿದ್ದೆನಲ್ಲ, ಆ ಏರಿಸಿದ್ದೇ ಬೇಯಿಸಿತ್ತು. ಬಿಡಲಿಲ್ಲ ಅನ್ನೋದನ್ನೇ ನಾನು ವಾಸಿಯಾಯ್ತು ಅಂತ ಬರೆದುಬಿಟ್ಟಿದ್ದೆ."

"ಆ ಬೆಳಕೇ ಕೆಟ್ಟದ್ದಾ?"

"ಅಲ್ಲ. ಪ್ರಾಣಿಗಳಲ್ಲಿ ಹದ ಸಿಕ್ಕಿದಾಗ ಚೆನ್ನಾಗೇ ಕೂಡುತ್ತೆ. ಆದ್ರೆ ಆ ಹದ ಕೂದಲೆಳೆಯಷ್ಟು. ಇನ್ನೂ ಕಾಯಬೇಕಿತ್ತು, ಇನ್ನೂ ನೋಡಬೇಕಿತ್ತು. ನಾವು ಪ್ರಯೋಗಶಾಲೆಯಿಂದ ಮನುಷ್ಯರ ಕೈಗೆ ಓಡಿ ಬಂದ್ವಿ."

"ನಿರ್ದೇಶಕರಿಗೆ ಹೇಳಲಿಲ್ವಾ?"

"ಹೇಳಿದೆ. ಒಂದು ಕೇಸಿಗೆ ಯಾಕೆ ಕಡ್ಡೀನ ಗುಡ್ಡ ಮಾಡ್ತೀರಿ, ಇಸ್ತ್ರಿಯವರ ಕೈ ವಾಸಿಯಾಗಿದೆಯಲ್ಲ ಅಂದರು. ನನಗೂ ಆಸೆ ಇದ್ದದ್ದು ಅದೊಂದೇ ಕೈ ಮೇಲೆ. ಪ್ರತಿ ವಾರ ಗೊತ್ತಾಗ್ತಿದೆ ಅಂತಿದ್ರು. ಹೋದ ತಿಂಗಳು ಅನುಮಾನ ಬಂದು, ಕಣ್ಣು ಮುಚ್ಚಿಸಿ, ತಂತಿ ಮುಟ್ಟಿಸದೇ ಕೇಳಿದೆ. ಒಂದಾ ಎರಡಾ ಅಂತ. ಎರಡು ಅಂದರು, ನಗುನಗುತ್ತ. ಪಟ್ಟಿ ಬಿಚ್ಚಿದೆ. ಆ ಸುಟ್ಟ ಗಾಯ ಕಂಡಿತು."

ದಫೇದಾರನ ಪೆನ್ನು ನಿಂತಿತ್ತು.

"ಎಲ್ಲರ ಮುಂದೆ ಹೇಳಬಹುದಿತ್ತು" ಎಂದಳು ಇನ್‌ಸ್ಪೆಕ್ಟರ್. "ಬರೆದವರು ನೀವೇ. ತಪ್ಪು ಅಂತ ನೀವೇ ಬರೆದಿದ್ರೆ ಮುಗೀತಿತ್ತು."

"ಬರೆಯೋಕೆ ಕೂತೆ. ಎಷ್ಟು ಸಲ ಕೂತೆ ಅಂತ ಕೇಳಬೇಡಿ. ಮೊದಲ ವಾಕ್ಯ ಬರೆದ್ರೆ ಆ ಕೈಗಳೆಲ್ಲ ಎದುರಿಗೆ ಬಂದು ಕೂರ್ತಿದ್ವು." ಅವರು ಎದುರಿನ ಕುರ್ಚಿ ನೋಡಿದರು. ಅದರಲ್ಲಿ ಕೂತಿದ್ದ ಇನ್‌ಸ್ಪೆಕ್ಟರಿಗೆ ತಾನು ಇನ್ನೊಬ್ಬರ ಜಾಗದಲ್ಲಿ ಕೂತಂತೆನಿಸಿತು. "ಮುಖ ಬರಲ್ಲ, ಬರೀ ಕೈ. ಬೆರಳು ಚಾಚಿ ಕಾಯ್ತವೆ. ನುಂಗಲಾರೆ, ಉಗುಳಲಾರೆ. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ."

"ಯಂತ್ರ ಹೋದ್ರೆ ಇನ್ನೊಂದು ತರ್ತಾರೆ. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ಸೋಮವಾರದೊಳಗೆ ಬರಲ್ಲ."

ಡಾಕ್ಟರು ಮೇಜಿನ ಮೇಲಿದ್ದ ಬಿಡಿಸಿದ ಕ್ಲಿಪ್ಪನ್ನು ಪಕ್ಕಕ್ಕೆ ಸರಿಸಿದರು.

"ಚಿಕ್ಕವನಿಗೆ ಬೇಡ ಅಂತ ಎರಡು ಸಲ ಹೇಳಿದೆ. ಯಾಕೆ ಅಂತ ಕೇಳಿ, ನಾನೇ ಬರೆದದ್ದನ್ನ ತೆಗೆದು ನನಗೇ ಓದಿದ. ಯಾರೋ ಪೊಲೀಸಿನವರ ಕೈ ಅಂತ ಗೊತ್ತಿತ್ತು. ಯಾರು ಅಂತ ಗೊತ್ತಿರಲಿಲ್ಲ."

ದಫೇದಾರ ಪೆನ್ನನ್ನು ಕೆಳಗಿಟ್ಟ. ಪಟ್ಟಿ ಸುತ್ತಿದ ಎಡಗೈಯನ್ನು ಮೇಜಿನ ಮೇಲಕ್ಕೆ ಎತ್ತಿಟ್ಟ. ಎರಡು ದಿನದಿಂದ ಯಂತ್ರ ಮುರಿದವನನ್ನು ಅವನು ಶಪಿಸಿದ್ದಕ್ಕೆ ಠಾಣೆಯ ಗೋಡೆಗಳೇ ಸಾಕ್ಷಿ.

"ನನ್ನದು ಸಾರ್" ಎಂದ.

ಡಾಕ್ಟರು ಇನ್‌ಸ್ಪೆಕ್ಟರಿನತ್ತ ಅನುಮತಿಗೆಂಬಂತೆ ನೋಡಿದರು. ಅವಳು ತಲೆಯಾಡಿಸಿದಳು. ಅವರು ಆ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿರುಬೆರಳನ್ನು ಮೆಲ್ಲಗೆ ಮಡಿಸಿ ಬಿಡಿಸಿದರು.

"ತಡ ಮಾಡಬೇಡಿ. ಮುಂದಿನ ವಾರದೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ವಯಸ್ಸಾದವರೊಬ್ಬರಿದ್ದಾರೆ, ದಾರದಲ್ಲೇ ಹೊಲೀತಾರೆ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಅವರೂ ಹೇಳಲ್ಲ, ನಾನೂ ಹೇಳಲ್ಲ. ಆದ್ರೆ ನರಕ್ಕೆ ದಾರಿ ತೆರೆದಿರುತ್ತೆ. ಬೆಳೀಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ಅವರು ಕೇಳಿದಾಗ ಗೊತ್ತಾಗದಿದ್ರೆ ಗೊತ್ತಾಗಲ್ಲ ಅಂತಲೇ ಹೇಳಿ."

"ಹೇಳ್ತೀನಿ ಸಾರ್."

ಹೇಳಿಕೆಯನ್ನು ಓದಿ ಹೇಳಿ ಸಹಿ ತೆಗೆದುಕೊಳ್ಳಲಾಯಿತು. ಬಂಧನದ ವಿಷಯವನ್ನು ಅವರ ತಮ್ಮನಿಗೆ ಫೋನಿನಲ್ಲಿ ತಿಳಿಸಲಾಯಿತು. ಪಡಸಾಲೆಯಲ್ಲಿ ನಡೆಯುವಾಗ ನಿರ್ದೇಶಕರು ಓಡಿ ಬಂದು, "ಮೇಡಂ, ದೂರು ವಾಪಸ್ ತಗೋತೀನಿ, ಇದು ನಮ್ಮನೆ ವಿಷಯ" ಎಂದು ಏದುಸಿರಿನಲ್ಲೇ ಹೇಳಿದರು.

"ಮನೆ ವಿಷಯ ಆಗಿದ್ರೆ ಇಸ್ತ್ರಿ ಅಂಗಡಿಗೆ ಒಂದು ಸಲ ಹೋಗಿ ಬನ್ನಿ" ಎಂದಳು ಇನ್‌ಸ್ಪೆಕ್ಟರ್. "ಅಲ್ಲಿ ಚಹಾ ಕೊಡ್ತಾರೆ."

ಯಂತ್ರ ಕೆಡಿಸಿದ್ದು ಒಂದು ಪ್ರಕರಣ. ಅದರ ಆರೋಪಪಟ್ಟಿ ಅವಳ ಕೆಲಸ. ಬೆಂದ ನರಗಳದ್ದು ಇನ್ನೊಂದು, ಅದನ್ನು ತೂಗುವ ತಕ್ಕಡಿ ಪೊಲೀಸರ ಬಳಿ ಇರಲಿಲ್ಲ. ಡಾಕ್ಟರ ಹೇಳಿಕೆಯ ನಕಲಿನೊಂದಿಗೆ ವೈದ್ಯ ಮಂಡಳಿಗೆ ವರದಿ ಬರೆದಳು: ಲೇಸರಿನಿಂದ ಕೈ ಕೂಡಿಸಿಕೊಂಡ ಪ್ರತಿಯೊಬ್ಬರನ್ನೂ ಕರೆಸಿ ಬೇರೆಯವರು ಪರೀಕ್ಷಿಸಬೇಕು, ಅಲ್ಲಿಯವರೆಗೆ ಈ ವಿಧಾನವನ್ನು ಎಲ್ಲೂ ಬಳಸದಂತೆ ತಡೆಯಬೇಕು. ಬರೆಯುವಾಗ, ಸತ್ಯ ಹೇಳುವುದಕ್ಕಿಂತ ಯಂತ್ರ ಸುಡುವುದು ಸುಲಭವಾದ ಆ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ಪೂರ್ತಿ ಬರಲೂ ಇಲ್ಲ. ಅವರಿಗೆ ಹೆದರಿಕೆ ಇದ್ದದ್ದು ಹೆಸರು ಹೋಗುವುದಕ್ಕೆ ಎಂದು ಅವಳು ಮೊದಲು ಎಣಿಸಿದ್ದಳು. ಆದರೆ ಹೇಳಿಕೆಯನ್ನು ಮತ್ತೆ ಓದಿದಾಗ ಬೇರೆಯೇ ಕಂಡಿತು. ತಮ್ಮನ್ನು ನಂಬಿ ಸುಳ್ಳು ಹೇಳುತ್ತಿದ್ದವಳ ಎದುರು ಆ ನಂಬಿಕೆಯನ್ನು ಮುರಿಯಲು ಅವರಿಗೆ ಕೈ ಬಂದಿರಲಿಲ್ಲ.

ಭಾನುವಾರ ಬೆಳಗ್ಗೆ ಇಸ್ತ್ರಿಯ ಹೆಂಗಸು ಠಾಣೆಗೆ ಬಂದಳು. ಮಗಳು ಜೊತೆಗಿದ್ದಳು. ಹೆಂಗಸಿನ ಕಂಕುಳಲ್ಲಿ ಇಸ್ತ್ರಿಯಾದ ಒಂದು ಬಿಳಿ ಅಂಗಿ.

"ನ್ಯಾಯಾಧೀಶರ ಮುಂದೆ ಕರ್ಕೊಂಡು ಹೋಗ್ತೀರಂತೆ. ಮುದುರಿದ ಬಟ್ಟೇಲಿ ಹೋಗೋದು ಬೇಡ ಅಂತ."

"ನೀವು ಅವರನ್ನ ನೋಡಿದ್ರಿ ಅಲ್ವಾ ಅಕ್ಕ, ಗುರುವಾರ?"

"ನೋಡಿದೆ. ಒಳಗೆ ಹೋಗುವಾಗ ನನ್ನ ಕಡೆ ತಿರುಗಿ, ನಾನು ಹೊರಗೆ ಬರೋವರೆಗೂ ಯಾರನ್ನೂ ಒಳಗೆ ಬಿಡಬೇಡಿ ಅಂದರು. ಯಾರನ್ನೂ ಬಿಡಲಿಲ್ಲ."

ಲಾಕಪ್ಪಿನೊಳಗೆ ಡಾಕ್ಟರು ಎದ್ದು ಸರಳುಗಳ ಬಳಿ ಬಂದರು. ಅಂಗಿ ತೆಗೆದುಕೊಂಡರು. ವಾರವಾರದ ರೂಢಿಗೆ ಹೆಂಗಸು ಎಡಗೈಯನ್ನು ಸರಳುಗಳ ನಡುವೆ ಚಾಚಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರ ಕೈಯಲ್ಲಿ ತಂತಿ ಇರಲಿಲ್ಲ. ಅವರು ಸುಟ್ಟ ಅಂಗೈಯ ಮೇಲೆ ತಮ್ಮ ಬೆರಳಿಟ್ಟು ನಿಂತರು. ಗೊತ್ತಾಯ್ತಾ ಎಂದು ಕೇಳಲಿಲ್ಲ.

ಅವಳೇ ಹೇಳಿದಳು.

"ಗೊತ್ತಾಗ್ತಿಲ್ಲ ಡಾಕ್ಟ್ರೇ. ಒಂದು ದಿನವೂ ಗೊತ್ತಾಗಿಲ್ಲ."

"ಹ್ಞೂಂ" ಎಂದರು ಅವರು.

ಕಣ್ಣು ಮುಚ್ಚಿದ್ದ ಅವಳಿಗೆ ಅವರ ಬೆರಳು ನಡುಗುತ್ತಿದ್ದುದು ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರಿಗೆ ಕಂಡಿತು. ಅವಳು ಕಾನ್‌ಸ್ಟೇಬಲಿಗೆ ಜೀಪು ಸ್ವಲ್ಪ ತಡವಾಗಿ ತರಲು ಹೇಳಿ ಹೊರಗೆ ಬಂದಳು.